ಸುಡುವ ಮನೆಯ ಮುಂದೆ ನಿಂಬೆವ್ವ

ಮಟಕಿ ಎಂಬ ಹಳ್ಳಿಯಲ್ಲಿ ಬೆಂಕಿ ಬಿದ್ದರೆ ಜನ ಮೊದಲು ದೇವರನ್ನು ಕೂಗುತ್ತಿದ್ದರು, ಆಮೇಲೆ ನಿಂಬೆವ್ವನನ್ನು. ದೇವರು ಓಡಿ ಬಂದದ್ದನ್ನು ಯಾರೂ ಕಂಡಿಲ್ಲ. ನಿಂಬೆವ್ವ ಮಾತ್ರ ಕಚ್ಚೆ ಬಿಗಿದು, ಹೆಗಲ ಮೇಲೆ ಒದ್ದೆ ಕಂಬಳಿ ಹಾಕಿ, ತುದಿಗೆ ಕೊಕ್ಕೆ ಕಟ್ಟಿದ ಗಳ ಹಿಡಿದು ಬಂದೇ ಬರುತ್ತಿದ್ದಳು. ಬರುವಾಗಲೇ ಊರೆಲ್ಲ ಕೇಳುವಂತೆ ಬಯ್ಯುತ್ತ ಬರುತ್ತಿದ್ದಳು. ಬೆಂಕಿ ಆರಿಸುವ ಬಂಡಿ ಅಂದರೆ ಆ ಕಾಲಕ್ಕೆ ಹೈದರಾಬಾದಿನ ಮಾತು. ಆಳಂದದ ಸುತ್ತಿನ ಹಳ್ಳಿಗಳಿಗೆ ಇದ್ದದ್ದು ಬಾವಿ, ಮಣ್ಣು, ಮತ್ತು ಇಂಥವಳೊಬ್ಬಳ ಬಾಯಿ.

ಅವಳು ನಿಂಬರ್ಗಾದಿಂದ ಸೊಸೆಯಾಗಿ ಬಂದವಳು. ಗಂಡ ಅಣ್ಣಾರಾಯ ಹಸುವಿನಂಥ ಮನುಷ್ಯ. ಮದುವೆಯಾದ ಹೊಸದರಲ್ಲೇ ಅವರ ಗುಡಿಸಲಿಗೆ ಬೆಂಕಿ ಹತ್ತಿತು. ಇಬ್ಬರೂ ಹೊರಗೆ ಬಂದಿದ್ದರು. ಅಷ್ಟರಲ್ಲಿ ಈ ಪುಣ್ಯಾತ್ಮನಿಗೆ ಮದುವೆಯ ರುಮಾಲು ನೆನಪಾಯಿತು, ತಿರುಗಿ ಒಳಗೆ ಹೊಕ್ಕ. ರುಮಾಲು ಬಂತು, ಎರಡೂ ಕೈ ಹೋದವು. ಆಮೇಲೆ ಅವನು ಬದುಕಿದಷ್ಟು ದಿನವೂ ನಿಂಬೆವ್ವನೇ ತುತ್ತು ಮಾಡಿ ಉಣಿಸಿದಳು. ತುತ್ತಿಗೊಮ್ಮೆ ಬಯ್ಯುತ್ತಿದ್ದಳು: "ಈಗ ಉಣಸಾಕ ಬಾ ಅನ್ನು, ಆ ನಿನ್ನ ರುಮಾಲಿಗಿ." ಅವನು ನಗುತ್ತ ಬಾಯಿ ತೆರೆಯುತ್ತಿದ್ದ. ಅವನು ಹೋದ ಮೇಲೆ ಬಯ್ಯಲು ಯಾರೂ ಇಲ್ಲದೆ ಅವಳಿಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಆಗಿನಿಂದ ಊರಲ್ಲಿ ಎಲ್ಲಿ ಹೊಗೆ ಕಂಡರೂ ಓಡಿದಳು. ಯಾರೂ ಕರೆದು ನೇಮಿಸಿದ್ದಲ್ಲ. ಉರಿಯುವ ಮನೆಯಲ್ಲಿ ಗಳ ಹಿರಿಯುವವರು ಅಂತ ನಾವು ಕೆಟ್ಟವರಿಗೆ ಅನ್ನುತ್ತೇವೆ. ನಿಂಬೆವ್ವ ಖರೆಯಾಗಿಯೂ ಉರಿಯುವ ಮನೆಯ ಗಳ ಹಿರಿಯುತ್ತಿದ್ದಳು, ಪಕ್ಕದ ಮನೆ ಉಳಿಯಲಿ ಅಂತ. ಅದಕ್ಕೂ ಬೈಸಿಕೊಂಡಿದ್ದಾಳೆ.

ಅವಳ ನಿಜವಾದ ಸಿಟ್ಟು ಬೆಂಕಿಯ ಮೇಲಲ್ಲ, ಜನರ ಮೇಲೆ. ಬೇಸಿಗೆ ಬರುವ ಮೊದಲೇ ಮನೆಮನೆಗೆ ಹೋಗಿ, ಜೋಳದ ಒಣದಂಟಿನ ಕಣಕಿ ಬಣವೆ ಗೋಡೆಗೆ ತಾಗಿಸಿ ಒಟ್ಟಬೇಡಿ, ಒಲೆಯ ಬೂದಿಗೆ ನೀರು ಹೊಯ್ದು ಚೆಲ್ಲಿ ಅಂತ ಹೇಳುತ್ತಿದ್ದಳು. ಯಾರು ಕೇಳಬೇಕು? ನಿಂಬೆವ್ವ ಹೊಸ್ತಿಲಿಗೆ ಬಂದರೆ ಬೆಂಕಿ ಅವಳ ಬೆನ್ನ ಹಿಂದೆಯೇ ಬರುತ್ತದೆಂದು ಹೆಂಗಸರು ಉಪ್ಪು ನಿವಾಳಿಸಿ ಒಲೆಗೆ ಹಾಕುತ್ತಿದ್ದರು. ಉಪ್ಪು ಚಟಪಟ ಅನ್ನುವುದು ಅಂಗಳದಲ್ಲಿದ್ದ ಅವಳಿಗೂ ಕೇಳಿಸುತ್ತಿತ್ತು. ಮನಸ್ಸಿಗೆ ನೋವಾಗುತ್ತಿತ್ತು, ಆದರೂ ಮುಂದಿನ ಮನೆಗೆ ಹೋಗುತ್ತಿದ್ದಳು. ಬೆಂಕಿ ಬಿದ್ದ ದಿನ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: "ಒಳಗ ಯಾರ ಅದಾರ?" ಜನ ಅದಕ್ಕೆ ಟ್ರಂಕು ಅದ, ಜೋಳ ಅದ, ಬಂಗಾರ ಅದ ಅನ್ನುತ್ತಿದ್ದರು. "ಜೀವ ಕೇಳಾಕತ್ತೇನಿ, ಸಾಮಾನಲ್ಲ" ಅಂತ ಅವಳು ರೇಗುತ್ತಿದ್ದಳು.

ನಲವತ್ತೆಂಟನೇ ಇಸವಿ ಬಂತು. ಹಿಂದಿನ ವರ್ಷ ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದರೂ ಇಲ್ಲಿ ನಿಜಾಮನ ರಾಜ್ಯವೇ ಇತ್ತು. ಅವನ ಪರ ಹೊಲಮನೆ ಸುಡುತ್ತಿದ್ದ ರಜಾಕಾರರ ಹೆದರಿಕೆಗೆ ಜನ ಹೊಲದ ಬಣವೆಗಳನ್ನು ಕಿತ್ತು ತಂದು ಮನೆಯಂಗಳದಲ್ಲಿ ಒಟ್ಟಿದ್ದರು. ನಿಂಬೆವ್ವ ಬಾಯಿ ಬಡಿದುಕೊಂಡಳು. ಮಳೆಗಾಲದ ಕೊನೆಗೆ ಭಾರತದ ಫೌಜು ಬಂದು ನಿಜಾಮನ ರಾಜ್ಯ ಮುಗಿಯಿತು. ಹೆದರಿಕೆ ಮುಗಿಯಲಿಲ್ಲ, ಓಣಿ ಬದಲಿಸಿತು ಅಷ್ಟೇ. ಈಗ ಸೇಡು ತೀರಿಸಿಕೊಳ್ಳುವ ಗುಂಪುಗಳು ತಿರುಗುತ್ತಿದ್ದವು, ಮುಸಲ್ಮಾನರ ಮನೆಗಳು ಬಾಗಿಲು ಹಾಕಿಕೊಂಡಿದ್ದವು. ದರ್ಜಿಯ ಹೆಂಡತಿ ನಜಮುನ್ನಿಸಾ ಮತ್ತು ಅವಳ ಅತ್ತೆ ವಜೀರುನ್ನಿಸಾ ಊರಲ್ಲೇ ಕಾಣದಾಗಿದ್ದರು. ಊರು ಬಿಟ್ಟಿದ್ದ ದರ್ಜಿಯ ಹಿಂದೆಯೇ ಓಡಿಹೋದರು ಅಂತ ಎಲ್ಲರೂ ತಿಳಿದಿದ್ದರು.

ಒಂದು ಮಧ್ಯಾಹ್ನ ಹೊರ ಊರಿನ ಗುಂಪೊಂದು ರಸ್ತೆಯಲ್ಲಿ ಕಂಡಿದೆಯೆಂದು ಸುದ್ದಿ ಬಂತು. ಅದರ ಬೆನ್ನಿಗೇ ದೌಲತರಾಯಗೌಡರ ವಾಡೆಯಿಂದ ಹೊಗೆ ಎದ್ದಿತು. ಗೌಡರ ಹೆಂಡತಿ ಸುಮಿತ್ರಾಬಾಯಿ ಒಲೆಯ ಬೂದಿಯನ್ನು, ಹೊರಗೆ ಜಿಟಿಜಿಟಿ ಮಳೆ ಅಂತ, ಒಳಗಿನ ಪಡಸಾಲೆಯ ಮೂಲೆಗೆ ಚೆಲ್ಲಿದ್ದಳು. ಅದರಲ್ಲಿ ಕೆಂಡವಿತ್ತು. ಪಕ್ಕದಲ್ಲೇ ಕಣಕಿ ಒಟ್ಟಿತ್ತು.

ನಿಂಬೆವ್ವ ಬರುವಷ್ಟರಲ್ಲಿ ಅರ್ಧ ಊರು ವಾಡೆಯೊಳಗೆ ನೆರೆದಿತ್ತು. ಕೆಲಸ ಮಾಡುವವರು ನಾಲ್ವರು, ನೋಡುವವರು ನಲವತ್ತು.

"ಒಳಗ ಯಾರ ಅದಾರ್ರಿ ಗೌಡ್ರ?"

"ಯಾರೂ ಇಲ್ಲ" ಅಂದರು ದೌಲತರಾಯರು. ಹಾಗೆ ಅನ್ನುವಾಗ ಅವರು ಬೆಂಕಿಯ ಕಡೆ ನೋಡಲಿಲ್ಲ, ಮಂದಿಯ ಕಡೆ ನೋಡಿದರು.

ನಿಂಬೆವ್ವ ಸುಮಿತ್ರಾಬಾಯಿಯನ್ನು ನೋಡಿದಳು. ಎಂಥ ಗೌಡ್ಸಾನಿಯಾದರೂ ಬೆಂಕಿ ಬಿದ್ದಾಗ ಒಡವೆಯ ಪೆಟ್ಟಿಗೆಗೆ ಓಡುತ್ತಾಳೆ. ಇವಳು ಉರಿಯುವ ಕಣಕಿಯ ಪಕ್ಕದಲ್ಲೇ, ಝಳಕ್ಕೆ ಮುಖ ಕೆಂಪಾಗಿದ್ದರೂ, ಕಾಲು ಕಿತ್ತಿಡದೆ ನಿಂತಿದ್ದಳು. ಅಲ್ಲಿ ಜೋಳ ತುಂಬುವ ಹಗೇವು ಇದ್ದದ್ದು, ನೆಲದೊಳಗೆ ಆಳುದ್ದ ತೋಡಿದ ಕಣಜ ಅದು, ನಿಂಬೆವ್ವನಿಗೆ ಗೊತ್ತಿತ್ತು. ಅದರ ಬಾಯಿಯ ಮೇಲೇಕೆ ಕಣಕಿ ಒಟ್ಟಿದ್ದಾರೆ? ಕೆಳಗೆ ಜೀವ ಇರಬೇಕು.

ಇಷ್ಟು ಮಂದಿಯ ಮುಂದೆ ಇವರು ಹೇಳುವುದಿಲ್ಲ ಅಂತ ಅವಳಿಗೆ ತಿಳಿಯಿತು.

"ಇಲ್ಲೇನ್ ಕುಸ್ತಿ ನಡದದೇನು? ಎಲ್ಲಾರೂ ಬಾವಿಗಿ ನಡೀರಿ. ಕೊಡ ಇಲ್ಲದವ್ರು ತಪೇಲಿ ತರ್ರಿ. ಬರೇ ಕೈಲೆ ಬಂದವ್ರ ಕಾಲ್ ಮುರೀತೇನಿ." ಗಳ ತಿರುವಿ ಎಲ್ಲರನ್ನೂ ಹೊರಗೆ ಅಟ್ಟಿ ಬಾಗಿಲು ಮುಂದೆ ಮಾಡಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು, "ಈಗ ಹೇಳ್ರಿ ಗೌಡ್ರ."

"ದರ್ಜಿ ಮನಿ ಇಬ್ರು ಹೆಣ್ಮಕ್ಳು ಹಗೇವಿನಾಗ ಅದಾರ ನಿಂಬೆವ್ವ. ಯಾರ ಮುಂದೂ ಹೇಳಂಗಿಲ್ಲಂತ ಲಿಂಗ ಮುಟ್ಟಿ ಆಣಿ ಮಾಡೇನಿ."

"ಆಣಿ ಆಮ್ಯಾಲ ತೀರಸ್ರಿ. ಆ ಕಡಿ ಸೂಡು ಎಳೀರಿ ಮೊದಲ."

ಕಂಬಳಿಯನ್ನು ಉರಿಯ ಮೇಲೆ ಹೊಚ್ಚಿ, ಅದು ಮತ್ತೆ ಹೊತ್ತುವ ಮೊದಲು ಮೂವರೂ ಸೇರಿ ಕಣಕಿಯ ಸೂಡುಗಳನ್ನು ಎಳೆದೆಳೆದು ಒಗೆದರು. ಬಾಯಿ ಮುಚ್ಚಿದ್ದ ಹಾಸುಗಲ್ಲು ಸುಡುತ್ತಿತ್ತು. ಅದನ್ನು ಸರಿಸಿದರೆ ಕೆಳಗಿನಿಂದ ಹೊಗೆಯ ಜೊತೆಗೆ ಕೆಮ್ಮು ಬಂತು. ನಜಮುನ್ನಿಸಾ ಕೆಳಗಿನಿಂದ ಅತ್ತೆಯನ್ನು ಎತ್ತಿದಳು, ಗೌಡರು ಮೇಲಿನಿಂದ ಎಳೆದರು, ಆಮೇಲೆ ಅವಳೂ ಏಣಿ ಹತ್ತಿ ಬಂದಳು. ಮುದುಕಿ ವಜೀರುನ್ನಿಸಾ ಉಸಿರು ತಿರುಗಿದ್ದೇ ತಡ, ಮತ್ತೆ ಹಗೇವಿನ ಕಡೆ ಬಗ್ಗಿದಳು. "ನನ್ನ ಎಲಿ ಅಡಕಿ ಪಾನದಾನ ಒಳಗೇ ಉಳೀತು ಬೇ, ನಮ್ಮ ಅಮ್ಮಾ ಕೊಟ್ಟಿದ್ದು."

ನಿಂಬೆವ್ವ ಅವಳ ಮುಂಗೈ ಹಿಡಿದಳು. ಬಯ್ಯಬೇಕೆಂದು ಬಾಯಿ ತೆರೆದಳು, ಬಯ್ಗುಳ ಬರಲಿಲ್ಲ. "ನನ್ನ ಗಂಡ ರುಮಾಲಿಗಂತ ಹೋಗಿದ್ದ ಬೇ" ಅಂದಳು. ಮುದುಕಿ ಅವಳ ಮುಖ ನೋಡಿ ಸುಮ್ಮನಾದಳು.

ಅಷ್ಟರಲ್ಲಿ ಬಾಗಿಲು ತೆರೆಯಿತು. ನೀರು ತಂದವರೆಲ್ಲ ನಿಂತಲ್ಲೇ ನಿಂತರು. ತಲೆತುಂಬ ಹೊಟ್ಟು ಮೆತ್ತಿಕೊಂಡ ಆ ಇಬ್ಬರನ್ನೂ ಊರು ಗುರುತಿಸಿತು. ಆ ಮಂದಿಯಲ್ಲಿ ರಜಾಕಾರರ ಕೈಯಲ್ಲಿ ಹೊಡೆತ ತಿಂದವರಿದ್ದರು, ಹೊಲದ ಬಣವೆ ಸುಡಿಸಿಕೊಂಡವರಿದ್ದರು. ಗುಂಪು ಊರ ಅಗಸಿ ಬಾಗಿಲಿಗೆ ಬಂದರೆ ಇವರಲ್ಲಿ ಒಬ್ಬ ಬೆರಳು ತೋರಿಸಿದರೂ ಸಾಕಿತ್ತು. ನಿಂಬೆವ್ವನಿಗೆ ಬೆಂಕಿಗಿಂತ ಆ ಮಂದಿಯ ಹೆದರಿಕೆ ಹೆಚ್ಚಾಯಿತು. ಉಪದೇಶ ಮಾಡಲು ಅವಳಿಗೆ ಬರುತ್ತಿರಲಿಲ್ಲ. ಮೇಲೆ ತೊಲೆ ಇನ್ನೂ ಉರಿಯುತ್ತಿತ್ತು.

"ಏನ್ ನೋಡಾಕತ್ತೀರಿ? ಬಾವಿಯಿಂದ ಇಲ್ಲೀತನ ಸಾಲು ಹಚ್ಚಿ ನಿಂದ್ರಿ." ಮುದುಕಿಯನ್ನು ಸುಮಿತ್ರಾಬಾಯಿಯ ಕೈಗೆ ಒಪ್ಪಿಸಿ, ನಜಮುನ್ನಿಸಾಳ ರಟ್ಟೆ ಹಿಡಿದು ಎಳೆದೊಯ್ದು ಸಾಲಿನ ನಡುವೆ ನಿಲ್ಲಿಸಿದಳು. ಪಕ್ಕದಲ್ಲಿ ಇದ್ದವಳು ಭಾಗೀರಥಿಬಾಯಿ. ಬ್ರಾಹ್ಮಣರ ಓಣಿಯ ಮಡಿ ಹೆಂಗಸು, ಬಾವಿಯಲ್ಲಿ ಬೇರೆಯವರ ಹಗ್ಗದ ನೀರು ಸಿಡಿದರೂ ಮತ್ತೆ ಮೀಯುವವಳು.

ಮೊದಲ ಕೊಡ ನಜಮುನ್ನಿಸಾಳ ಕೈಗೆ ಬಂತು. ಅವಳು ಅದನ್ನು ಹಿಡಿದುಕೊಂಡು, ಮುಂದೆ ಚಾಚಲು ಧೈರ್ಯವಿಲ್ಲದೆ ನಿಂತುಬಿಟ್ಟಳು. ಸಾಲೆಲ್ಲ ಅತ್ತಲೇ ನೋಡಿತು.

"ಕೊಡು ಬೇ ಜಲ್ದಿ, ತೊಲಿ ಬೀಳಾಕತ್ತದ" ಎಂದು ಭಾಗೀರಥಿಬಾಯಿ ಕಿತ್ತುಕೊಂಡಂತೆ ತೆಗೆದುಕೊಂಡು ಮುಂದೆ ಸಾಗಿಸಿದಳು. ಎರಡನೆಯದು ಬಂತು, ಮೂರನೆಯದು ಬಂತು. ಆಮೇಲೆ ಲೆಕ್ಕ ಇಡಲು ಯಾರಿಗೂ ಪುರುಸೊತ್ತಿರಲಿಲ್ಲ. ಹೊಗೆಗೆ, ಮಸಿಗೆ ಎಲ್ಲರ ಮುಖವೂ ಕಪ್ಪಾಯಿತು.

ಗುಂಪು ಬಂದದ್ದು ಆಗಲೇ. ಬಡಿಗೆ ಹಿಡಿದ ಹದಿನೈದಿಪ್ಪತ್ತು ಜನ ಸಾಲಿಗೆ ಅಡ್ಡ ನಿಂತರು. ಅವರಲ್ಲೊಬ್ಬ ಕೇಳಿದ, "ಆ ಮಂದಿ ಯಾರರೆ ಇಲ್ಲಿ ಅಡಗ್ಯಾರೇನು?"

ಸಾಲಿನಲ್ಲಿ ಬಣವೆ ಸುಡಿಸಿಕೊಂಡವನೊಬ್ಬ ಕೊಡ ಹಿಡಿದು ತಲೆ ತಗ್ಗಿಸಿದ. ನಿಂಬೆವ್ವ ಗಳ ಗಟ್ಟಿಯಾಗಿ ಹಿಡಿದಳು. ನಜಮುನ್ನಿಸಾ ಕೈಗೆ ಬಂದ ಕೊಡ ಹಿಡಿದೇ ನಿಂತಿದ್ದಳು.

"ಇಲ್ಲಿ ಇರಾವ್ರೆಲ್ಲಾ ನಮ್ಮ ಊರ ಮಂದಿನೇ" ಅಂದಳು ಭಾಗೀರಥಿಬಾಯಿ. "ಕೊಡ ಹಿಡಿಯೋದಿದ್ರ ಹಿಡೀರಿ. ಇಲ್ಲಾಂದ್ರ ದಾರಿ ಬಿಡ್ರಿ, ಮನಿ ಸುಡಾಕತ್ತದ."

ಹೇಳಿ, ಅವರ ಉತ್ತರಕ್ಕೂ ಕಾಯದೆ, ಕೊಡಕ್ಕಾಗಿ ನಜಮುನ್ನಿಸಾಳ ಕಡೆ ಎರಡೂ ಕೈ ಚಾಚಿದಳು.