ಬಂಡಸಾಲೆಗೆ ಬಳಿದ ಮರ್ಯಾದೆ

ಹೊಸದಾಗಿ ಸುಣ್ಣ ಬಳಿದ ಗೋಡೆಗೆ ಒರಗಬಾರದೆಂಬ ಜ್ಞಾನ ಮನುಷ್ಯನಿಗೆ ಒರಗಿದ ಮೇಲೆಯೇ ಉದಯಿಸುತ್ತದೆ. ತನ್ನ ಬೆನ್ನನ್ನು ತಾನೇ ನೋಡಿಕೊಳ್ಳುವ ಸೌಲಭ್ಯವನ್ನು ದೇವರು ಕೊಟ್ಟಿಲ್ಲವಾದ್ದರಿಂದ, ಊರಿನವರೆಲ್ಲ ನೋಡಿ ನಕ್ಕ ಬಳಿಕವಷ್ಟೇ ಆ ಜ್ಞಾನ ಪರಿಪೂರ್ಣವಾಗುತ್ತದೆ. ನನ್ನ ವಿಷಯದಲ್ಲಿ ಇನ್ನೂ ಒಂದು ವಿಶೇಷವುಂಟು: ನಾನು ಒರಗಿದ ಗೋಡೆಗೆ ಸುಣ್ಣ ಬಳಿಸಿದ ಮಹಾನುಭಾವನೂ ನಾನೇ. ಆಳು ಕರೆಸಿ ಅಲ್ಲ, ಬರಿಯ ಬಾಯಿಯಿಂದ. ಅದೂ ಇನ್ನೊಬ್ಬರಿಂದ ಕದ್ದ ದನಿಯಲ್ಲಿ.

ಮಲ್ಪೆ ಬಂದರಿನ ಹಳೆಯ ಬಂಡಸಾಲೆಯನ್ನು, ಎಂದರೆ ಹಡಗಿನ ಸರಕು ತುಂಬಿಡುತ್ತಿದ್ದ ಗೋದಾಮನ್ನು, ನೋಡಿದವರು ನಿಮ್ಮಲ್ಲೂ ಇರಬಹುದು. ಮನೆ, ಬಾವಿ, ಪಾಗಾರ ಎಲ್ಲಕ್ಕೂ ಕೆಂಪುಕಲ್ಲನ್ನೇ ಕಡಿಯುವ ನಮ್ಮ ಸೀಮೆಯಲ್ಲಿ ಅದೊಂದು ಇಟ್ಟಿಗೆಯ ಕಟ್ಟಡ; ಯಾವುದೋ ಕಾಲದಲ್ಲಿ ಮಂಜಿ ಎಂಬ ಹಾಯಿಹಡಗೊಂದು ತಳದ ಭಾರಕ್ಕೆಂದು ಹೇರಿ ತಂದ ಇಟ್ಟಿಗೆಯಂತೆ. ಮಂಜಿಗಳ ಓಡಾಟ ಕಡಿಮೆಯಾದ ಮೇಲೆ ಮೀನು ಮಾರುವ ಗಿರಿಜಕ್ಕ ಮತ್ತು ಅವರ ಜೊತೆಯ ಹೆಂಗಸರು ಅಲ್ಲಿ ಒಣಮೀನು ಇಡತೊಡಗಿದರು. ದೋಣಿಗಳು ಕಡಲಿಗಿಳಿಯದ ಮಳೆಗಾಲದಲ್ಲಿ ಅವರ ಗಂಜಿ ಬೇಯುತ್ತಿದ್ದುದು ಆ ಗೋಡೆಗಳ ದಯೆಯಿಂದ.

ಅಂಥದ್ದನ್ನು ಕೆಡವಿ ಐಸ್ ಫ್ಯಾಕ್ಟರಿ ಕಟ್ಟಬೇಕೆಂದು ಕಾರ್ಕಳದಲ್ಲಿದ್ದ ಅದರ ಧಣಿಗಳಿಗೆ ಹುಕಿ ಬಂತು. ಬೆಟ್ಟದ ಮೇಲಿನ ಏಕಶಿಲೆಯ ಮೂರ್ತಿಯನ್ನು ದಿನವೂ ಕತ್ತೆತ್ತಿ ನೋಡಿ ಬೆಳೆದವರಿಗೆ ಇಟ್ಟಿಗೆ ಯಾವ ಲೆಕ್ಕ! ಗಿರಿಜಕ್ಕ ಬಸ್ಸು ಹತ್ತಿ ಹೋಗಿ ಬೇಡಿಕೊಂಡಾಗ, "ಇದು ಉಳಿಯಬೇಕಾದ ವಸ್ತು ಅಂತ ಓದಿದವರು ಯಾರಾದರೂ ಬರೆದುಕೊಡಲಿ, ಉಳಿಸುವ," ಎಂದರು. ಓದಿದವರೆಂದರೆ ಮಣಿಪಾಲದಲ್ಲಿದ್ದ ನಮ್ಮ ಇತಿಹಾಸದ ಮಾಸ್ಟ್ರು. ಬೇಡಿ, ಕಾಡಿ, ಅವರನ್ನು ಒಪ್ಪಿಸಿದವನು ನಾನು. ಕೆಡಿಸಿದವನೂ ನಾನೇ.

ಮಾಸ್ಟ್ರದು ಮೂಗಿನಲ್ಲಿ ಹುಟ್ಟಿ, ಗಂಟಲಲ್ಲಿ ಎರಡು ಸಲ ಕೆಮ್ಮಿ ಹೊರಬರುವ ಕಂಠ. ಅನುಕರಣೆ ಮಾಡುವವನಿಗೆ ಇದು ಬೇಯಿಸಿಟ್ಟ ಅನ್ನ. ಅವರು ಬರುವುದಕ್ಕೆ ಎರಡು ದಿನವಿದೆಯೆನ್ನುವಾಗ, ಒಳಗೆ ಹೆಂಗಸರು ಮೀನು ಆರಿಸುತ್ತಿದ್ದ ಹೊತ್ತಿಗೆ, ನಾನು ಬಾಗಿಲ ಮರೆಯಲ್ಲಿ ನಿಂತು ಕೆಮ್ಮಿದೆ: "ಎಂತ ಗೋಡೆ ಇದು? ದೊಡ್ಡವರು ಬರುವಾಗ ಒಂದು ಮರ್ಯಾದೆ ಬೇಡವಾ?" ಮಾಸ್ಟ್ರ ಭಾಷಣವನ್ನು ಹಿಂದೊಮ್ಮೆ ಶಾಲೆಯಲ್ಲಿ ಕೇಳಿದ್ದ ಹೆಂಗಸರು ಅವರೇ ಬಂದರೆಂದು ನಂಬಿ ಮೀನು ಬಿಟ್ಟು ಎದ್ದು ನಿಂತರು. ಹಾರಿ ಒಳಗೆ ಹೋಗಿ ನಗಿಸಬೇಕೆನ್ನುವಷ್ಟರಲ್ಲಿ ಉಡುಪಿಯ ಬಸ್ಸು ಹಾರ್ನ್ ಹೊಡೆಯಿತು. ನಾನು ಓಡಿದೆ; ಕಡಿಯಾಳಿ ತಲುಪುವಾಗ ಮರೆತೂಬಿಟ್ಟಿದ್ದೆ.

ನಮ್ಮವರ ಮರ್ಯಾದೆಯ ಬಣ್ಣ ಯಾವುದೆಂದು ನಿಮಗೆ ಹೇಳಬೇಕಾಗಿಲ್ಲ. ಇನ್‌ಸ್ಪೆಕ್ಟರು ಬರುತ್ತಾರೆಂದರೆ ಶಾಲೆಯ ತೆಂಗಿನ ಮರಗಳೂ ಸೊಂಟದವರೆಗೆ ಬಿಳಿ ಉಟ್ಟು ನಿಲ್ಲುತ್ತವೆ. ಓಡಿಹೋಗಲಾರದ ದಾರಿಯ ಕಲ್ಲುಗಳಿಗೂ ಬಿಡುಗಡೆಯಿಲ್ಲ. ಮಾಸ್ಟ್ರ ಜೊತೆ ಬಸ್ಸಿಳಿದು ನೋಡುತ್ತೇನೆ, ಚಿಪ್ಪು ಸುಟ್ಟ ಸುಣ್ಣದ ಮೂರು ಕೋಟು ಹೊದ್ದು ಬಂಡಸಾಲೆ ಕಣ್ಣು ಕುಕ್ಕುತ್ತಿದೆ! ಒಳಗೂ ಹೊರಗೂ ಒಂದೇ ಒಂದು ಇಟ್ಟಿಗೆ ಉಳಿದಿಲ್ಲ. ತಲೆಯ ಮೇಲೆ ಕೈ ಹೊತ್ತು ನಾನು ಗೋಡೆಗೆ ಒರಗಿದ್ದು ಆಗಲೇ. ಎರಡು ದಿನ ನಿದ್ದೆಗೆಟ್ಟ ಗಿರಿಜಕ್ಕ ಬೀಗುತ್ತಾ, "ಈಗ ಮರ್ಯಾದೆ ಉಂಟಲ್ಲ ಮಾಸ್ಟ್ರೇ?" ಎಂದು ಕೇಳಿದರು.

ತಪ್ಪೊಪ್ಪಿಕೊಂಡೆ. "ಎಂತ ಹೇಳಿದ್ದು ನೀನು? ಹೇಳಿದ ಹಾಗೆಯೇ ಹೇಳು," ಎಂದು ಮಾಸ್ಟ್ರು ಗುಡುಗಿದರು. ವಿಧೇಯ ಶಿಷ್ಯನಾದ ನಾನು ಕೆಮ್ಮಿನ ಸಮೇತ ಹೇಳಿದೆ. ಅಲ್ಲಿಗೆ ಅವರ ಉಳಿದ ಕೃಪೆಯೂ ಹೋಯಿತು; ಇಟ್ಟಿಗೆಯೇ ಕಾಣದ ಗೋಡೆಗೆ ಕಾಗದ ಕೊಡಲಾರೆನೆಂದರು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಮೇಲಂತೂ ಸರಿ. ಕಾಗದವಿಲ್ಲದೆ ಕಣ್ಣು ತೆರೆಯದ ಧಣಿಗಳ ಮೇಲೆ, ಒಂದೇ ಕೋಟು ಸುಣ್ಣಕ್ಕೆ ನಿಲ್ಲಿಸದ ಹೆಂಗಸರ ಮೇಲೆ, ಮಳೆಗಾಲವಿಡೀ ಹತ್ತಾರು ಒಲೆ ಉರಿಸಿದ ಗೋಡೆಗೆ ಕೆಂಪು ಬಣ್ಣವೊಂದೇ ಬೆಲೆಯೆಂದು ನಂಬಿದ ಈ ವಿದ್ವಾಂಸರ ಮೇಲೂ. ಹಳೆಯದನ್ನು ಪ್ರೀತಿಸುವವರಿಗೆ ಅದರಲ್ಲಿ ಬದುಕುವವರು ಯಾಕೆ ಕಾಣುವುದಿಲ್ಲ?

ಕೊನೆಗೆ ಮಾಸ್ಟ್ರು ಮೀನಿನ ಪೆಟ್ಟಿಗೆಯ ಮೇಲೆ ಕುಳಿತು, "ಖಂಡಿತ ಉಳಿಸತಕ್ಕದ್ದು" ಎಂದು ಎರಡು ಪುಟ ಬರೆದುಕೊಟ್ಟರು. ಧಣಿಗಳೂ ಮಾತಿಗೆ ತಪ್ಪಲಿಲ್ಲ. ಆ ಯಶಸ್ಸು ನನ್ನದೆಂದು ಹೇಳಿಕೊಳ್ಳಲು ನಾಲಿಗೆ ತುರಿಸುತ್ತದೆ, ಆದರೆ ಸಾಕ್ಷಿಗಳು ಬಹಳ. ಆದದ್ದಿಷ್ಟು: ಮಾಸ್ಟ್ರು, "ಇದರ ಒಳಗೆ ಇಟ್ಟಿಗೆ ಉಂಟು ಅಂತ ನಾನು ಹೇಗೆ ನಂಬುವುದು?" ಎನ್ನುತ್ತಾ ಕೊಡೆಯ ತುದಿಯಿಂದ ಹಸಿ ಸುಣ್ಣ ಕೆರೆಯಲು ಹೊರಟರು. ಗಿರಿಜಕ್ಕ ಕೊಡೆಯನ್ನು ಹಿಡಿದು ನಿಲ್ಲಿಸಿ, ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಅಲ್ಲ ಮಾಸ್ಟ್ರೇ, ನೀವು ಸಹ ಬಿಳಿ ಜುಬ್ಬ ಹಾಕಿಕೊಂಡು ಬಂದಿದ್ದೀರಿ. ಒಳಗೆ ಮನುಷ್ಯ ಉಂಟಾ ಇಲ್ಲವಾ ಅಂತ ನಾನು ಕೆರೆದು ನೋಡಿದೆನಾ?"