ಟೀ ಸೊಪ್ಪಿನ ಮೇಲೆ ಒದ್ದೆ ಗೋಣಿ

ಅಕ್ಕನ ಟೀ ಸೊಪ್ಪು ಫ್ಯಾಕ್ಟರಿಯಿಂದ ವಾಪಸ್ಸು ಬಂದದ್ದರ ಬಗ್ಗೆ ನನ್ನ ನೆನಪು ಒಂದು, ಅಕ್ಕನದು ಇನ್ನೊಂದು. ಅವತ್ತು ಒಂದೇ ಹಿತ್ತಿಲಲ್ಲಿ, ಒಂದೇ ರಾಶಿಯ ಎದುರು ಇದ್ದವರು ನಾವು. ಆಗಿ ಒಂದು ವರ್ಷವೂ ಕಳೆದಿಲ್ಲ. ನಾನು ಹಾಸನದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಕಂಡೆ ಎಂದವರ ಮಾತನ್ನು ಹೇಗೆ ಅನುಮಾನಿಸಬೇಕೆಂದು ಹುಡುಗರಿಗೆ ಹೇಳಿಕೊಡುವುದು ನನ್ನ ಕೆಲಸ. ನನ್ನ ಮಾತನ್ನೇ ಅನುಮಾನಿಸಲು ಕೂತರೆ ಮಾತ್ರ ಬೇಗ ದಣಿವಾಗುತ್ತದೆ.

ಅಕ್ಕನನ್ನು ಕೊಟ್ಟಿರುವುದು ಅರಕಲಗೂಡಿನಿಂದ ಪಶ್ಚಿಮಕ್ಕೆ, ಬೆಟ್ಟ ಏಳುವ ಕಡೆಯ ಒಂದು ಹಳ್ಳಿಗೆ. ಮನೆಯ ಹಿಂದಿನ ಇಳಿಜಾರಿನಲ್ಲಿ ಕಾಫಿ ಹತ್ತಲಿಲ್ಲವೆಂದು ಭಾವ ಮುಕ್ಕಾಲು ಎಕರೆ ಟೀ ಹಾಕಿದರು. ಸುತ್ತಮುತ್ತ ಹಾಗೆ ಹಾಕಿದವರು, ಅಕ್ಕನ ಮನೆಯೂ ಸೇರಿ, ಆರು ಮನೆಯವರು. ಟೀ ಸೊಪ್ಪನ್ನು ಕಿತ್ತ ದಿನವೇ ಫ್ಯಾಕ್ಟರಿಗೆ ಮುಟ್ಟಿಸಬೇಕು. ಫ್ಯಾಕ್ಟರಿ ಇರುವುದು ಬೆಟ್ಟದ ಆಚೆ. ಒಂದು ಮನೆಯ ಸೊಪ್ಪಿಗೆಂದು ಜೀಪು ಬರುವುದಿಲ್ಲ. ಹಾಗಾಗಿ ಹತ್ತು ಹನ್ನೆರಡು ದಿನಕ್ಕೊಮ್ಮೆ ಆರೂ ಮನೆಯವರು ಒಟ್ಟಿಗೆ ಕಿತ್ತು, ಒಂದೇ ಲೋಡು ಮಾಡಿ ಕಳಿಸುತ್ತಾರೆ. ದೇಶದಲ್ಲಿ ಕುಡಿಯುವ ಟೀಯಲ್ಲಿ ಬಹಳಷ್ಟು ಇಂಥ ತುಂಡು ಜಮೀನುಗಳಿಂದಲೇ ಬರುತ್ತದೆ ಎಂದು ಓದಿದ್ದೇನೆ. ಪೊಟ್ಟಣದ ಮೇಲೆ ಮಾತ್ರ ಯಾವಾಗಲೂ ದೊಡ್ಡ ಎಸ್ಟೇಟಿನ ಚಿತ್ರ. ಅಕ್ಕನ ತೋಟದ ಚಿತ್ರ ತೆಗೆದರೆ ಪಕ್ಕದವರ ಶುಂಠಿ ಪಟ್ಟೆಯೂ ದನದ ಕೊಟ್ಟಿಗೆಯೂ ಅದರಲ್ಲಿ ಬಂದುಬಿಡುತ್ತವೆ.

ಅವತ್ತು ಭಾವ ಚನ್ನರಾಯಪಟ್ಟಣಕ್ಕೆ, ನೆಂಟರೊಬ್ಬರ ತಿಥಿಗೆ ಹೋಗಿದ್ದರು. ಕಾಲೇಜಿಗೆ ರಜೆ ಇದ್ದುದರಿಂದ ನಾನು ಅಕ್ಕನ ಜೊತೆಗೆಂದು ಬಂದಿದ್ದೆ. ಇಬ್ಬನಿ ಆರುತ್ತಲೇ ಕೀಳಲು ಶುರು ಮಾಡಿದೆವು. ಸ್ವಲ್ಪ ಹೊತ್ತಿಗೇ ಅಕ್ಕನ ಬೈಗಳು ಬಿತ್ತು.

"ಅಷ್ಟುದ್ದ ಕೀಳ್ಬ್ಯಾಡ ಕಣೇ. ಎಲ್ಡೆಲೆ, ಒಂದ್ ಕುಡಿ. ಉಳಕ್ಕೆ ಸೊಪ್ಪು ತರಿಯೋ ಅಂಗೆ ತರಿದ್ರೆ ಯಾರ್ ತಗತಾರೆ?"

"ಕೈಗೆ ಅದೇ ರೂಢಿ ಕಣಕ್ಕ."

"ನಿನ್ ಕೈಗೆ ರೂಢಿ ಇರೋದು ಚಾಕ್‌ಪೀಸು. ಸುಮ್ಕೆ ನೋಡ್ಕೊಂಡ್ ಕೀಳು."

ಹುಳ ಎಂದರೆ ರೇಷ್ಮೆ ಹುಳ. ನಾವಿಬ್ಬರೂ ಬೆಳೆದದ್ದು ಹೊಳೆನರಸೀಪುರದ ಹತ್ತಿರದ ರೇಷ್ಮೆ ಮನೆಯಲ್ಲಿ. ಅವ್ವ ಬೆಳಿಗ್ಗೆ ತಂದ ಹಿಪ್ಪುನೇರಳೆ ಸೊಪ್ಪನ್ನು ಮೂಲೆಗೆ ಹಾಕಿ, ಗೋಣಿತಾಟನ್ನು ನೀರಿನಲ್ಲಿ ಅದ್ದಿ ಹಿಂಡಿ ಮೇಲೆ ಹೊದಿಸುತ್ತಿದ್ದಳು. ಸಂಜೆಯವರೆಗೂ ಸೊಪ್ಪು ಬಾಡುತ್ತಿರಲಿಲ್ಲ. ಹುಳಕ್ಕೆ ಬಾಡಿದ ಸೊಪ್ಪು ಹಾಕುವುದೆಂದರೆ ನಮ್ಮ ತಟ್ಟೆಗೆ ಹಳಸಿದ ಅನ್ನ ಬಡಿಸಿದ ಹಾಗೆ ಅವಳಿಗೆ.

ಹನ್ನೆರಡಕ್ಕೆ ಬರಬೇಕಿದ್ದ ಜೀಪು ಪಂಚರ್ ಆಗಿ, ಮೂರು ದಾಟಿದ ಮೇಲೆ ಬಂತು. ಅಷ್ಟರಲ್ಲಿ ಹಿತ್ತಿಲ ನೆರಳಿನಲ್ಲಿದ್ದ ರಾಶಿ ಬಾಡತೊಡಗಿತ್ತು. ಬಾಡಿದರೆ ಟೀ ಸೊಪ್ಪಿಗೆ ನಷ್ಟವೇನಿಲ್ಲ, ಫ್ಯಾಕ್ಟರಿಯಲ್ಲೂ ಮೊದಲು ಅದನ್ನು ಬಾಡಿಸುತ್ತಾರೆ, ಒದ್ದೆ ಮಾಡಿ ಒತ್ತಿ ತುಂಬಿದರೇ ಒಳಗೆ ಕಾವೇರಿ ಕೆಡುವುದು ಎಂಬುದು ನನಗೆ ಆಮೇಲೆ ಗೊತ್ತಾಯಿತು. ಭಾವ ಇದ್ದಿದ್ದರೆ ಆಗಲೇ ಹೇಳುತ್ತಿದ್ದರು. ನಾವು ರಾಶಿಯ ಮೇಲೆ ಒದ್ದೆ ಗೋಣಿ ಹೊದಿಸಿದೆವು. ಜೀಪು ಬಂದಾಗ ಆ ಸೊಪ್ಪನ್ನು ಹಾಗೇ ಚೀಲಕ್ಕೆ ಒತ್ತಿ ತುಂಬಿದೆವು.

ಲೋಡಿನ ಜೊತೆ ಹೋಗಿದ್ದ ಮೇಲಿನ ಮನೆಯ ಗೌಡರು ಮರುದಿನ ಬೆಳಿಗ್ಗೆ ಬಂದರು. ಆರು ಮನೆಯ ಲೋಡಿಗೂ ಅವರೇ ಯಜಮಾನರು. ಕೂರಿ ಎಂದರೆ ಕೂರಲಿಲ್ಲ.

"ಫ್ಯಾಕ್ಟ್ರೀಲಿ ಸೊಪ್ಪು ನೋಡೋನು ಚೀಲದೊಳಿಕ್ಕೆ ಮೊಣಕೈಗಂಟ ಕೈ ಇಕ್ದ ಕಣವ್ವ. ಒಳಗೆಲ್ಲ ಬಿಸಿ, ಸೊಪ್ಪು ಕೆಂಪಗಾಗ್ಬುಟ್ಟೈತೆ. 'ಏನ್ ಗೌಡ್ರೆ, ಬೇಯಿಸ್ಕೊಂಡೇ ತಂದಿದ್ದೀರಲ್ಲ, ಇನ್ನು ಹಾಲು ಸಕ್ರೆ ಹಾಕೋದೊಂದೇ ಬಾಕಿ' ಅಂದ. ಅಲ್ಲಿದ್ದೋರೆಲ್ಲ ನಕ್ರು."

ಒಂದು ಮನೆಯ ಸೊಪ್ಪು ಕೆಟ್ಟಿದ್ದಕ್ಕೆ ಪೂರ್ತಿ ಲೋಡು ವಾಪಸ್ಸು ಬಂದಿತ್ತು. ಯಾರ ಚೀಲವೆಂದು ಗುರುತಿಗೆ ಒಂದೊಂದು ಮನೆಯವರು ಒಂದೊಂದು ಬಣ್ಣದ ಬಟ್ಟೆ ಕಟ್ಟುತ್ತಾರೆ. ಬಿಸಿಯಾಗಿದ್ದ ಚೀಲದ ಬಾಯಿಗಿದ್ದದ್ದು ಅಕ್ಕನ ಹಳೇ ಹಸಿರು ರವಿಕೆಯ ತುಂಡು.

"ಇನ್ನೊಂದ್ ಸತಿ ಇಂಗಾದ್ರೆ ನಿಮ್ಮೂರ್ ಸೊಪ್ಪೇ ಬ್ಯಾಡ ಅಂದವ್ನೆ. ಮಿಕ್ಕೋರು ನಿಮ್ಮುನ್ನ ಬಿಟ್ಟು ಲೋಡ್ ಮಾಡಾನ ಅಂತಾವ್ರೆ. ನಾಳೀಕೆ ನಮ್ ಜಗಲಿಗೆ ಬಾ. ಅದೇನೈತೋ ಎಲ್ರ ಮುಂದ್ಲೇ ಏಳು."

ಜೀಪಿನಲ್ಲಿ ಜಾಗ ಹೋದರೆ ಅಕ್ಕನ ತೋಟ ಹೋದಂತೆಯೇ. ಕೀಳದೆ ಬಿಟ್ಟ ಟೀ ಗಿಡ ಸುಮ್ಮನೆ ಮರವಾಗಿ ಬೆಳೆಯುತ್ತದೆ. ಗೌಡರು ಹೋದ ಮೇಲೆ ಅಕ್ಕ ಒಲೆಯ ಮುಂದೆ ಕೂತು ಸೌದೆ ಒಳಕ್ಕೆ ತಳ್ಳಿದಳು. ಆಮೇಲೆ, ತಿರುಗಿ ನೋಡದೆ ಕೇಳಿದಳು.

"ಅವ್ವ ಮಾಡ್ತಿದ್ದಂಗೆ ಗೋಣಿ ಒದ್ಸಾನ ಅಂತ ನೀನೇ ಅಲ್ವೇನೇ ಅಂದಿದ್ದು?"

"ನಾನಾ? ನೀನು ತೊಟ್ಟೀಲಿ ಅದ್ದಿ ಹಿಂಡಿದ್ದು ನನ್ ಕಣ್ಣಲ್ಲೇ ಐತೆ."

"ನಿನ್ ಕಣ್ಣಲ್ಲಿರೋದು ಅವ್ವ ಕಣೇ. ನಾನಲ್ಲ."

ನನಗೆ ಕಾಣುತ್ತಿದ್ದುದು ಗೋಣಿ ಹಿಂಡುವ ಎರಡು ಕೈ, ಮೊಣಕೈಯಿಂದ ತೊಟ್ಟಿಕ್ಕುವ ನೀರು. ಮುಖ ಕಾಣುತ್ತಿರಲಿಲ್ಲ. ಆ ಕೈ ಯಾರದೆಂದು ನಾನು ಆವರೆಗೆ ಕೇಳಿಕೊಂಡೇ ಇರಲಿಲ್ಲ.

ಡೈರಿ ತೆಗೆದೆ. ಬರೆಯುವ ಚಟ ಇರುವವರಿಗೆ ಅದೊಂದು ಭಂಡ ಧೈರ್ಯ. ಆ ದಿನದ ಪುಟದಲ್ಲಿ ಬಿಸಿಲಿನ ಬಗ್ಗೆ ಇತ್ತು, ಪಂಚರ್ ಆದ ಜೀಪಿನ ಬಗ್ಗೆ ಇತ್ತು, ಚಾಕ್‌ಪೀಸಿನ ಮಾತೂ ಇತ್ತು. ಗೋಣಿಯ ಸುದ್ದಿ ಎಲ್ಲೂ ಇರಲಿಲ್ಲ. ಕೊನೆಯಲ್ಲಿ ಒಂದು ಸಾಲು: ಆ ಬಿಸಿಲಿನಲ್ಲೂ ತೊಟ್ಟಿಯ ನೀರು ಕೈ ಜೋಮು ಹಿಡಿಯುವಷ್ಟು ತಣ್ಣಗಿತ್ತು.

ಜೋಮು ಹಿಡಿಯುವಷ್ಟು ಹೊತ್ತು ನಾನು ನೀರಿನಲ್ಲಿ ಕೈ ಇಟ್ಟಿದ್ದು ಯಾಕೆ? ಸೊಪ್ಪಿನ ಕರೆ ತೊಳೆದುಕೊಂಡಿರಬಹುದು. ಹಾಗೆಂದು ನಂಬಲು ಎಷ್ಟು ಬೇಗ ಸಿದ್ಧಳಾದೆನೆಂದರೆ, ಅದಕ್ಕೇ ಅನುಮಾನ ಹೆಚ್ಚಾಯಿತು.

ಮರುದಿನ ಗೌಡರ ಜಗಲಿಯಲ್ಲಿ ಮಿಕ್ಕ ಐದು ಮನೆಯವರೂ ಇದ್ದರು. ಭಾವ ಇನ್ನೂ ತಿಥಿಯಿಂದ ವಾಪಸ್ಸಾಗಿರಲಿಲ್ಲ. ಅಕ್ಕ ಕಂಬಕ್ಕೆ ಒರಗಿ ನಿಂತಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: "ಗೋಣಿ ನೆನೆಸಿದ್ದು ನಾನು. ಅಕ್ಕನ ತಪ್ಪಿಲ್ಲ." ಅದು ನಿಜವೋ ಅಲ್ಲವೋ ನನಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಆದರೂ ಖಚಿತವಾಗಿಯೇ ಹೇಳಿದೆ. ಪಾಠ ಮಾಡಿ ಅಭ್ಯಾಸ.

ಗೌಡರು ನನ್ನನ್ನೇ ನೋಡಿದರು. "ಮೇಡಮ್ಮೋರೆ, ನೀವು ಬಸ್ ಅತ್ತಿ ಆಸನುಕ್ಕೆ ಒಂಟೋಯ್ತೀರಿ. ಸೊಪ್ಪು ಯಾರ್ ನೆನ್ಸುದ್ರು ಅಂತ ನೋಡಿ ಕೆಂಪಾಯ್ತದಾ?"

ಹಿಂದಿನಿಂದ ಯಾರೋ, "ಓದಿದೋರು ತ್ವಾಟಕ್ಕೆ ಬಂದ್ರೆ ಇಂಗೇ ಕಣಣ್ಣ" ಎಂದರು. ನಗು ಎದ್ದಿತು. ಅಕ್ಕ ನಗಲಿಲ್ಲ. "ಯಾರ್ ಮಾಡುದ್ರೂ ಸೊಪ್ಪು ನಂದು" ಎಂದಳು. "ಏನ್ ಮಾಡ್ಬೇಕು ಏಳಿ, ಮಾಡ್ತೀನಿ."

ಅವರು ತಮ್ಮತಮ್ಮಲ್ಲೇ ಮಾತಾಡಿಕೊಂಡು ತೀರ್ಮಾನಕ್ಕೆ ಬಂದರು. ಅಕ್ಕನ ಸೊಪ್ಪು ಇನ್ನು ಮೇಲೆ ಮನೆಯಲ್ಲಿ ಇರಕೂಡದು. ಕಿತ್ತ ಕಿತ್ತಂತೆ ಹೊತ್ತು ತಂದು ಗೌಡರ ಶೆಡ್ಡಿನಲ್ಲಿ ತೆಳ್ಳಗೆ ಹರಡಬೇಕು. ಅವರೇ ಮುಟ್ಟಿ ನೋಡಿ ಚೀಲಕ್ಕೆ ತುಂಬಿಸುತ್ತಾರೆ. ಅಂದರೆ ಪ್ರತಿ ಕುಯ್ಲಿಗೆ ನಾಲ್ಕೈದು ಸಲ ಮೇಲಿನ ಮನೆಯ ಏರು ಹತ್ತಬೇಕು, ಅದೂ ತಲೆಹೊರೆ ಇಟ್ಟುಕೊಂಡು. ಅಕ್ಕ ಒಪ್ಪಿಕೊಂಡಳು. ಜೀಪಿನಲ್ಲಿ ಜಾಗ ಉಳಿಯಿತು.

ಮುಂದಿನ ಕುಯ್ಲಿಗೂ ಹೋದೆ. ಭಾವ ಕೀಳುತ್ತಿದ್ದರು, ನಾವಿಬ್ಬರು ಹೊರುತ್ತಿದ್ದೆವು. ಮೂರನೇ ಹೊರೆಗೆ ನನ್ನ ಕಾಲು ಸೋತಿತು. ಶೆಡ್ಡಿನ ನೆಲದ ಮೇಲೆ ಸೊಪ್ಪು ಹರಡಿ ಅದರ ಪಕ್ಕದಲ್ಲೇ ಕೂತೆವು. ಗೌಡರು ಆಗಲೇ ಮುಟ್ಟಿ ನೋಡಿ, ಸರಿಯಿದೆ ಎಂದು ಹೋಗಿದ್ದರು. ಆದರೂ ಅಕ್ಕ ಸೊಪ್ಪಿನ ಅಡಿಗೆ ಕೈ ತೂರಿಸುವುದು, ತೆಗೆಯುವುದು, ಸ್ವಲ್ಪ ತಡೆದು ಇನ್ನೊಂದು ಕಡೆ ತೂರಿಸುವುದು ಮಾಡುತ್ತಲೇ ಇದ್ದಳು.

"ತಣ್ಣಗೈತೆ ಬಿಡಕ್ಕ" ಎಂದೆ.

"ನೀನೂ ಒಂದ್ಸತಿ ನೋಡು" ಎಂದಳು. "ನನ್ ಕೈ ಮೇಲೆ ನಂಗೇ ನಂಬ್ಕೆ ಇಲ್ಲ."

ನಾನೂ ಸೊಪ್ಪಿನಡಿಗೆ ಕೈ ಇಟ್ಟೆ.