ವೆಂಕಟರತ್ನಮ್ಮ ಬರೆದ ಒಂದು ಷರಾ

ಸಾದಲಿ ಪಕ್ಕದ ಹಳ್ಳಿಯಲ್ಲಿ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಆಶಾ ಕಾರ್ಯಕರ್ತೆ ವೆಂಕಟರತ್ನಮ್ಮ ರೇಷ್ಮೆ ಹುಳು ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾರೆ. ಹೊರಗಿನ ಚಪ್ಪಲಿ ಒಳಗೆ ಬಂದರೆ ಹುಳುವಿಗೆ ರೋಗ. ಇಲ್ಲಿ ಯಾರೇ ಆದರೂ ಬರಿಗಾಲು. ಒಳಗೆ ಶ್ಯಾಮಲಮ್ಮ ಕುಂಟುತ್ತಲೇ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದಾರೆ. ಅವರ ಬಲಗಾಲಿಗೆ ಎರಡು ಬೆರಳಿಲ್ಲ.

"ಮಾತ್ರೆ ಆಯ್ತಾ ಶ್ಯಾಮಲಕ್ಕ?"

"ಸೊಪ್ಪು ಹಾಕ್ಬಿಟ್ಟು ತಗೋತೀನಿ ಕಣಮ್ಮ. ಹುಳ ಕಾಯ್ತಾವಾ?"

ವೆಂಕಟರತ್ನಮ್ಮ ತಾವು ತಂದ ರೊಟ್ಟಿಯ ಚೂರು ತಿನ್ನಿಸಿ, ಮಾತ್ರೆ ನುಂಗುವ ತನಕ ಅಲ್ಲೇ ನಿಲ್ಲುತ್ತಾರೆ.

ಹನ್ನೊಂದು ವರ್ಷದ ಕೆಲಸ. ನೂರ ತೊಂಬತ್ತು ಮನೆ, ಅರವತ್ತಮೂರು ಸಕ್ಕರೆ ಕಾಯಿಲೆಯವರು. ವರ್ಷಕ್ಕೆ ಸವೆಯುವುದು ಮೂರು ಜತೆ ಚಪ್ಪಲಿ.

ಹೋದ ವರ್ಷ ಒಂದು ಸಂಸ್ಥೆ ನಮೂನೆ ಕೊಟ್ಟಿತು. ರೋಗಿ ತನ್ನ ಕಾಯಿಲೆಯನ್ನು ತಾನೇ ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾನೆ ಎಂದು ಇಪ್ಪತ್ತಕ್ಕೆ ಅಂಕ. ಹೊತ್ತಿಗೆ ಸರಿಯಾಗಿ ಮಾತ್ರೆ? ಅಳತೆಯ ಊಟ? ಸದಾ ಕಾಲಿಗೆ ಚಪ್ಪಲಿ? ಶ್ಯಾಮಲಮ್ಮನ ಗಂಡ ಆವಲಪ್ಪನಿಗೂ ಅದೇ ಕಾಯಿಲೆ. ಆತನಿಗೆ ಹದಿನೆಂಟು, ಹೆಂಡತಿಗೆ ಆರು. ಭೇಷ್! ಮಾತ್ರೆ, ನೀರು ಆತನ ಕೈಗೆ ತಂದಿಡುವವರು, ಚಿಕ್ಕ ಮುದ್ದೆ ಕಟ್ಟುವವರು ಯಾರೆಂದು ಆ ಕಾಗದ ಕೇಳಲೇ ಇಲ್ಲ. ಕಡಿಮೆ ಅಂಕದವರ ಮುಂದೆ ಷರಾ ಬರೆಯಬೇಕಿತ್ತು. ವೆಂಕಟರತ್ನಮ್ಮ ಬರೆದರು: 'ನಿರ್ಲಕ್ಷ್ಯ'.

ಮೂರು ತಿಂಗಳಿಗೆ ಹುಳು ಮನೆಯಲ್ಲಿ ಶ್ಯಾಮಲಮ್ಮನ ಕಾಲಿಗೆ ಕಡ್ಡಿ ಚುಚ್ಚಿತು. ಜೋಮು ಹಿಡಿದ ಕಾಲು, ನೋವೇ ತಿಳಿಯಲಿಲ್ಲ. ತಿಳಿಯುವಷ್ಟರಲ್ಲಿ ಹುಳು ಗೂಡು ಕಟ್ಟುವ ವಾರ, ಮನೆ ಬಿಡುವಂತಿಲ್ಲ. ಕೊನೆಗೆ ಆಸ್ಪತ್ರೆಯಲ್ಲಿ ಬೆರಳು ತೆಗೆದರು. ಕಂಪ್ಯೂಟರಿನಲ್ಲಿದ್ದ ಷರಾ ಓದಿ ಡಾಕ್ಟರು ಬೈದರು ಕೂಡ.

"ಆಯಮ್ಮ ತಲೆ ತಗ್ಗಿಸ್ಕೊಂಡು ಬೈಸ್ಕೊಂಡ್ಳು. ಬರ್ದೋಳು ನಾನು, ಪಕ್ಕದಲ್ಲೇ ನಿಂತಿದ್ದೆ. ಬಾಯೇ ಬರ್ಲಿಲ್ಲ," ಎನ್ನುತ್ತಾರೆ ವೆಂಕಟರತ್ನಮ್ಮ.

ಈಗ ಪ್ರತಿ ನಮೂನೆಯ ಅಂಚಿನಲ್ಲೂ ಅವರು ಪೆನ್ನಿನಿಂದ ಒಂದು ಪ್ರಶ್ನೆ ಸೇರಿಸುತ್ತಾರೆ: 'ನಿಮ್ಮನ್ನು ಯಾರು ನೋಡಿಕೊಳ್ಳುತ್ತಾರೆ?' ಗಂಡಸರು ಹೆಂಡತಿಯ ಹೆಸರನ್ನೋ ಸೊಸೆಯ ಹೆಸರನ್ನೋ ಹೇಳುತ್ತಾರೆ. ಹೆಂಗಸರು ಸುಮ್ಮನೆ ನಗುತ್ತಾರೆ. ಹೀಗೆಲ್ಲ ಗೀಚಬೇಡಿ ಎಂದು ಸಂಸ್ಥೆಯವರು ಎರಡು ಸಲ ಕಾಗದ ವಾಪಸು ಕಳಿಸಿದ್ದಾರೆ. ಹಳೆಯ ಷರಾ ಕಂಪ್ಯೂಟರಿಗೆ ಹೋಗಿಯಾಗಿದೆ, ಅಳಿಸಲಾಗದಂತೆ.

ನಿಮಗೇನು ಆಸೆ ಎಂದು ಪತ್ರಿಕೆಗಾಗಿ ಕೇಳಿದರೆ ಅವರು ಹೇಳುವುದು ಇಷ್ಟು:

"ಶ್ಯಾಮಲಕ್ಕ ನಿರ್ಲಕ್ಷ್ಯ ಮಾಡ್ಲಿಲ್ಲ ಅಂತ ನೀವಾದ್ರೂ ಪೇಪರಲ್ಲಿ ಬರೀರಿ ಸಾರ್. ನಿರ್ಲಕ್ಷ್ಯ ಅಂತ ಬರ್ದೋಳು ನಾನೇ ಅಂತಾನೂ ಹಾಕಿ. ಆಯಮ್ಮಂಗೆ ಇನ್ನೂ ಗೊತ್ತಿಲ್ಲ. ಓದಕ್ಕೆ ಬರಲ್ಲ ಅವಳಿಗೆ, ನಾನೇ ಓದಿ ಹೇಳ್ತೀನಿ."